ಸ್ಟಿಕ್ಕರ್ ಅಂಟಿಸಿ, ಊರಿಗೆ ಕಳೆ ತನ್ನಿ

1983ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಒಂದು ಪವಾಡ ನಡೆಯಿತು. ಪಾಳು ಬಿದ್ದಿದ್ದ ಕಟ್ಟಡಗಳ ಕಿಟಕಿಗಳಲ್ಲಿ ಪರದೆ ಕಾಣಿಸಿಕೊಂಡಿತು. ಕೆಲವು ಕಿಟಕಿಗಳಲ್ಲಿ ಹೂವಿನ ಕುಂಡ. ನೀರು ಹಾಕುವವರಿಲ್ಲ, ಗೊಬ್ಬರ ಇಲ್ಲ, ಮನೆಯೊಳಗೆ ನರಪಿಳ್ಳೆ ಇಲ್ಲ. ಆದರೂ ಹೂವು ಬಾಡುತ್ತಿರಲಿಲ್ಲ. ಹೇಗೆ ಬಾಡೀತು? ಅದು ವಿನೈಲ್ ಸ್ಟಿಕ್ಕರ್.

ಆಗ ಮೇಯರ್ ಆಗಿದ್ದವರು ಎಡ್ ಕಾಚ್. ನಗರಾಡಳಿತದ ಕೈಗೆ ಬಂದಿದ್ದ ಪಾಳು ಕಟ್ಟಡಗಳನ್ನು ರಿಪೇರಿ ಮಾಡಿಸಲು ದುಡ್ಡು ಸಾಲದು. ಕೆಡವಲೂ ಸಾಲದು. ಅಂಟಿಸಲು ಮಾತ್ರ ಸಾಕು. ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರಿಗೆ ಕಾಣುವ ಕಿಟಕಿಗಳನ್ನು ನೋಡಿ ನೋಡಿ ಸ್ಟಿಕ್ಕರ್ ಮೆತ್ತಿದರು. ಯೋಜನೆಯ ಹೆಸರು ‘ಆಕ್ಯುಪೈಡ್ ಲುಕ್’. ಅಂದರೆ ಜನ ಇದ್ದಾರೆ ಅನ್ನೋ ಲುಕ್. ಜನ ಇರಬೇಕು ಅಂತೇನಿಲ್ಲ, ಲುಕ್ ಇದ್ದರಾಯಿತು.

ಇದರಲ್ಲೊಂದು ಸೂಕ್ಷ್ಮ ಇದೆ. ಪಕ್ಕದ ಬೀದಿಯಲ್ಲಿ ಬದುಕುತ್ತಿದ್ದವರು ದಿನಾ ಅದೇ ಕಟ್ಟಡದ ಕೆಳಗೆ ನಡೆದು ಹೋಗುತ್ತಾರೆ. ಅವರಿಗೆ ಹೂವು ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಗೊತ್ತಾಗದೇ ಇರುತ್ತದಾ? ಈ ಸ್ಟಿಕ್ಕರ್ ಅವರಿಗಲ್ಲ, ಕಾರಿನಲ್ಲಿ ಸರ್ರಂತ ಹೋಗುವವರಿಗೆ. ಕಾರು ನಿಂತರೆ ಯೋಜನೆ ಕೆಟ್ಟಿತು. ಆ ಹೆದ್ದಾರಿಯಾದರೋ ಟ್ರಾಫಿಕ್ ಜಾಮ್‌ಗೇ ಹೆಸರುವಾಸಿ.

ಇಂಥ ಬುದ್ಧಿ ಒಂದೇ ಊರಿನ ಸೊತ್ತಾಗಿ ಉಳಿಯುವುದಿಲ್ಲ. ಮೂವತ್ತು ವರ್ಷ ಬಿಟ್ಟು, 2013ರ ಜೂನ್‌ನಲ್ಲಿ, ಉತ್ತರ ಐರ್ಲೆಂಡಿನ ಫರ್ಮಾನಾ ಸೀಮೆಯಲ್ಲಿ ಜಿ-8 ದೇಶಗಳ ನಾಯಕರ ಸಭೆ ನಡೆಯಿತು. ದೊಡ್ಡವರು ಬರುವ ದಾರಿಯಲ್ಲಿ ಮುಚ್ಚಿದ ಅಂಗಡಿಗಳು. ಏನು ಮಾಡೋದು? ಅಂಗಡಿ ನಡೆಯುತ್ತಿರುವ ಹಾಗೆ ಕಾಣುವ ದೊಡ್ಡ ದೊಡ್ಡ ಚಿತ್ರ ಅಂಟಿಸಿದರು. ಬೆಲ್‌ಕೂ ಎಂಬ ಹಳ್ಳಿಯಲ್ಲಿ ಬಾಗಿಲು ಹಾಕಿದ್ದ ಮಾಂಸದಂಗಡಿಯೊಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಸರಕು ತುಂಬಿಕೊಂಡು ನಿಂತಿತ್ತು. ಜಗತ್ತಿನ ಆರ್ಥಿಕತೆಯ ಬಗ್ಗೆ ಮಾತಾಡಲು ಬಂದವರಿಗೆ ಆ ಊರಿನ ಆರ್ಥಿಕತೆ ಕಾಣದಿರಲಿ ಎಂಬ ಕಾಳಜಿ. ಮೇಲೆ ಥಳುಕು, ಒಳಗೆ ಹುಳುಕು ಅಂತ ನಮ್ಮವರು ಬೈಯುತ್ತಾರಲ್ಲ, ಅದು ಅಲ್ಲಿ ಅಭಿವೃದ್ಧಿ ಕಾರ್ಯಕ್ರಮ.

ಅಮೆರಿಕದ ಒಹಾಯೋ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ. ಪಾಳು ಮನೆಯ ಕಿಟಕಿಗೆ ಪ್ಲೈವುಡ್ ಹೊಡೆದರೆ ‘ಇದು ಪಾಳು ಮನೆ’ ಅಂತ ಬೋರ್ಡ್ ಹಾಕಿದ ಹಾಗೆ, ಅಲ್ವಾ? ಅದಕ್ಕೇ 2017ರಲ್ಲಿ ಕಾನೂನು ಬಂತು: ಸಾಲ ತೀರದೆ ಜಪ್ತಿಗೆ ಬಂದು ಖಾಲಿ ಬಿದ್ದ ಮನೆಗಳಿಗೆ ಪ್ಲೈವುಡ್ ಹೊಡೆಯುವ ಹಾಗಿಲ್ಲ. ಬದಲಿಗೆ ಗಾಜಿನ ಹಾಗೆ ಕಾಣುವ ಪಾಲಿಕಾರ್ಬೊನೇಟ್ ಹಾಳೆ. ಸುತ್ತಿಗೆ ಏಟಿಗೂ ಜಗ್ಗುವುದಿಲ್ಲವಂತೆ. ನ್ಯಾಯವಾಗಿ ಹೇಳಬೇಕೆಂದರೆ ಸ್ಟಿಕ್ಕರ್‌ಗಿಂತ ಇದು ವಾಸಿ; ಕಳ್ಳರೂ ಬೆಂಕಿ ಹಚ್ಚುವವರೂ ಸುಲಭಕ್ಕೆ ಒಳಗೆ ಹೋಗಲಾರರು. ಆದರೂ ನನಗೊಂದು ಅನುಮಾನ. ಮನೆಗೆ ಬೇಕಾಗಿದ್ದು ಮುರಿಯದ ಕಿಟಕಿಯೋ, ಕಿಟಕಿ ತೆರೆಯುವ ಮನುಷ್ಯರೋ?

ಇಂಥ ಪ್ರಶ್ನೆ ಕೇಳಿದರೆ ಪ್ರಾದೇಶಿಕ ಪುನಶ್ಚೇತನ ಸಮಿತಿಗೆ ಬೇಜಾರಾಗುತ್ತದೆ. ಯಾವ ಸಮಿತಿ ಅಂತ ಕೇಳಬೇಡಿ, ಎಲ್ಲ ಪ್ರದೇಶಕ್ಕೂ ಒಂದಿರುತ್ತದೆ. ಅವರಿಗೂ ಕಷ್ಟವಿದೆ. ಮನೆ ಒಂದು, ವಾರಸುದಾರರು ಹದಿನೇಳು. ಅವರಲ್ಲಿ ಒಂಬತ್ತು ಜನರ ವಿಳಾಸ ಗೊತ್ತಿಲ್ಲ, ನಾಲ್ವರು ಪರಸ್ಪರ ಮಾತು ಬಿಟ್ಟಿದ್ದಾರೆ, ಇಬ್ಬರು ತೀರಿಕೊಂಡಿದ್ದಾರೆ, ಉಳಿದಿಬ್ಬರು ಸಹಿ ಹಾಕುವುದಿಲ್ಲ. ತೆರಿಗೆ ಬಾಕಿ ಒಂದು ಇಲಾಖೆಗೆ, ನೀರಿನ ಬಾಕಿ ಇನ್ನೊಂದಕ್ಕೆ. ಹುಲ್ಲು ಕೊಯ್ಯುವುದು ಯಾರ ಕೆಲಸ ಅಂತ ಇಬ್ಬರ ನಡುವೆ ಪತ್ರವ್ಯವಹಾರ. ಪತ್ರಕ್ಕಿಂತ ಹುಲ್ಲು ಬೇಗ ಬೆಳೆಯುತ್ತದೆ.

ಇನ್ನು ಜಪಾನ್. ಅಲ್ಲಿ ಖಾಲಿ ಮನೆಗೆ ‘ಅಕಿಯಾ’ ಅನ್ನುತ್ತಾರೆ. 2023ರ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಅಕಿಯಾ ಸಿಕ್ಕವು, ದೇಶದ ಒಟ್ಟು ಮನೆಗಳಲ್ಲಿ ಶೇ. 13.8. ಜನ ಕಡಿಮೆಯಾಗುತ್ತಿದ್ದಾರೆ, ಮನೆಗಳು ನಿಂತೇ ಇವೆ. ಬಿದ್ದುಹೋಗುವ ಮನೆಯನ್ನು ಕೆಡವಬಾರದಾ? ಕೆಡವಬಹುದು. ಆದರೆ ಜಾಗದ ಮೇಲೆ ವಾಸದ ಮನೆ ಇದ್ದರೆ 200 ಚದರ ಮೀಟರ್‌ವರೆಗಿನ ನೆಲಕ್ಕೆ ತೆರಿಗೆ ಲೆಕ್ಕ ಹಾಕುವಾಗ ಆರನೇ ಒಂದು ಪಾಲು ಬೆಲೆ ಮಾತ್ರ ಹಿಡಿಯುತ್ತಾರೆ. ಮನೆ ಕೆಡವಿದಿರೋ, ರಿಯಾಯಿತಿಯೂ ಅದರ ಜೊತೆ ಕುಸಿಯಿತು. ಕೆಡವುವ ಖರ್ಚು ಬೇರೆ. ಹಾಗಾಗಿ ಬುದ್ಧಿವಂತ ಮಾಲೀಕ ಏನು ಮಾಡುತ್ತಾನೆ? ಸುಮ್ನಿರುತ್ತಾನೆ. ಗೆದ್ದಲು ಮನೆ ತಿನ್ನುತ್ತದೆ, ಮನೆ ತೆರಿಗೆ ಉಳಿಸುತ್ತದೆ. ಇದು ಸರ್ಕಾರಕ್ಕೂ ಹೊಳೆಯಿತು. 2015ರಿಂದ ಜಾರಿಯಾದ ಕಾನೂನಿನಲ್ಲಿ, ತೀರಾ ಅಪಾಯದ ಮನೆ ಅಂತ ಗುರುತಿಸಿ ಎಚ್ಚರಿಕೆ ಕೊಟ್ಟರೆ ಆ ರಿಯಾಯಿತಿ ಹೋಗುತ್ತದೆ. ಹಾಗಾದರೆ ಮಾಲೀಕನ ಜಾಣತನ ಇಷ್ಟೇ: ಮನೆ ಬೀಳಬಾರದು, ಬೀಳುವ ಹಾಗೆ ಕಾಣಲೂಬಾರದು, ಎದ್ದು ನಿಲ್ಲುವುದಂತೂ ಬೇಡವೇ ಬೇಡ.

ಇಟಲಿಯವರು ಒಂದು ಯೂರೋಗೆ ಮನೆ ಮಾರುತ್ತಾರೆ. ಕೇಳಲು ಚೆಂದ. ಸಿಸಿಲಿಯ ಸಂಬೂಕಾ ಊರು 2019ರಲ್ಲಿ ಹೀಗೆ ಮಾರಲು ಹೊರಟಾಗ 5,000 ಯೂರೋ ಠೇವಣಿ ಇಡಬೇಕು, ಮೂರು ವರ್ಷದೊಳಗೆ ರಿಪೇರಿ ಮಾಡಿಸಬೇಕು ಎಂಬ ಷರತ್ತಿತ್ತು. ಆನೆ ಫುಕ್ಕಟೆ, ಮೇವು ನಿಮ್ಮದು. ಆದರೂ ಸ್ಟಿಕ್ಕರ್‌ನವರ ಪಕ್ಕದಲ್ಲಿ ಇವರು ಸತ್ಯಹರಿಶ್ಚಂದ್ರರ ಸಂತತಿ. ಮನೆ ಹಾಳಾಗಿದೆ ಅಂತ ಒಪ್ಪಿಕೊಂಡೇ ಮಾರಿದ್ದಾರೆ.

ಇಷ್ಟೆಲ್ಲದರ ನಡುವೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಾರೋ ತಲೆಹರಟೆ ಸಂಶೋಧಕರು ಒಂದು ಪ್ರಯೋಗ ಮಾಡಿದರು. 541 ಖಾಲಿ ಜಾಗಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಕೆಲವನ್ನು ಹಾಗೇ ಬಿಟ್ಟರು. ಕೆಲವು ಕಡೆ ಕಸ ಎತ್ತಿ, ನೆಲ ಸಮ ಮಾಡಿ, ಹುಲ್ಲು ಬಿತ್ತಿ, ನಾಲ್ಕು ಗಿಡ ನೆಟ್ಟು, ಗಿಡ್ಡನೆಯ ಮರದ ಬೇಲಿ ಹಾಕಿದರು. ಅಷ್ಟೇ. 2018ರಲ್ಲಿ ಫಲಿತಾಂಶ ಬಂತು: ಹೀಗೆ ಮಾಡಿದ ಕಡೆ, ಬಡವರ ಬೀದಿಗಳಲ್ಲಿ ಬಂದೂಕು ಹಿಂಸೆಯ ಪ್ರಕರಣಗಳು ಶೇ. 29ರಷ್ಟು ಕಡಿಮೆಯಾಗಿದ್ದವು. ಕಳೆ ಕಿತ್ತರು, ಬೀದಿಗೆ ಕಳೆ ಬಂತು.

ಸಮಿತಿ ಈ ವರದಿಯನ್ನು ಗಂಭೀರವಾಗಿ ಪರಿಶೀಲಿಸಿ ಪಕ್ಕಕ್ಕಿಟ್ಟಿತು. ಹುಲ್ಲಿಗೆ ಬಾಗಿಲಿಲ್ಲ. ಬಾಗಿಲಿಲ್ಲದ ಮೇಲೆ ಟೇಪು ಕಟ್ಟುವುದೆಲ್ಲಿ, ಕತ್ತರಿಸುವುದೆಲ್ಲಿ? ಮೇಲಾಗಿ ಹುಲ್ಲನ್ನು ಪ್ರತಿ ವರ್ಷ ಕೊಯ್ಯಬೇಕು, ಅದಕ್ಕೆ ಪ್ರತಿ ವರ್ಷ ಹಣ ಇಡಬೇಕು. ಸ್ಟಿಕ್ಕರ್ ಒಮ್ಮೆ ಅಂಟಿಸಿದರೆ ಮುಗಿಯಿತು. ಹಾಗಾಗಿ ಮತ್ತೆ ಸ್ಟಿಕ್ಕರ್ ಕ್ಯಾಟಲಾಗ್ ಬಿಚ್ಚಿದ್ದಾರೆ. ಹೂವಿನ ಕುಂಡ ಹಳೆಯದಾಯಿತು, ಈ ಸಲ ಕಿಟಕಿಯಲ್ಲಿ ಒಂದು ಬೆಕ್ಕೂ ಇರಲಿ ಅಂತ ಹಿರಿಯ ಸದಸ್ಯರೊಬ್ಬರು ಸೂಚಿಸಿದ್ದಾರೆ. ಬೆಕ್ಕು ಮಲಗಿರಬೇಕೋ ಎದ್ದು ಕೂತಿರಬೇಕೋ ಎಂಬುದನ್ನು ಉಪಸಮಿತಿಗೆ ಬಿಡಲಾಗಿದೆ.