ಬ್ರೆಸ್ಟ್ ಅಲ್ಲ, ಕ್ಯಾಂಪೇರ್
ಫ್ರಾನ್ಸಿನ ಫಿನಿಸ್ಟೇರ್ ಜಿಲ್ಲೆಯ ಆಡಳಿತ ಕೇಂದ್ರ ಬ್ರೆಸ್ಟ್ ಎಂದು ನಿಮ್ಮ ಲೇಖನದಲ್ಲಿದೆ. ತಪ್ಪು. ದೊಡ್ಡ ಊರು, ನೌಕಾನೆಲೆ ಎರಡೂ ಬ್ರೆಸ್ಟೇ, ಆದರೆ ಪ್ರಿಫೆಕ್ಟ್ (ನಮ್ಮ ಜಿಲ್ಲಾಧಿಕಾರಿಯಂಥವರು) ಕೂರುವುದು ದಕ್ಷಿಣದ ಕ್ಯಾಂಪೇರ್‌ನಲ್ಲಿ. ಬ್ರೆಸ್ಟ್, ಮೊರ್ಲೆ, ಶಾತೊಲ್ಯಾಂ ಮೂರೂ ಉಪ ಕೇಂದ್ರಗಳು.

ಪ್ರಿಫೆಕ್ಟನ್ನೂ ಜಿಲ್ಲಾ ಕೌನ್ಸಿಲನ್ನೂ ಒಂದೇ ಮಾಡಿಬಿಟ್ಟಿದ್ದೀರಿ. ಪ್ರಿಫೆಕ್ಟ್ ಪ್ಯಾರಿಸ್ ಸರ್ಕಾರ ನೇಮಿಸಿದ ಅಧಿಕಾರಿ. ಕೌನ್ಸಿಲ್‌ಗೆ ಜನ ಆರಿಸುತ್ತಾರೆ: 27 ಕ್ಯಾಂಟನ್ (ಚುನಾವಣಾ ಕ್ಷೇತ್ರ), ತಲಾ ಒಬ್ಬ ಮಹಿಳೆ, ಒಬ್ಬ ಪುರುಷ, ಒಟ್ಟು 54. 'ಡಿ' ಅಕ್ಷರದಿಂದ ಗುರುತಿಸುವ ಜಿಲ್ಲಾ ರಸ್ತೆಗಳು, 11ರಿಂದ 15 ವಯಸ್ಸಿನ ಮಕ್ಕಳ 'ಕೊಲೇಜ್' ಶಾಲೆಗಳ ಕಟ್ಟಡ ಇವರ ಪಾಲು. ಅದರ ಮುಂದಿನ 'ಲಿಸೇ' ಶಾಲೆಗಳ ಕಟ್ಟಡ ಬ್ರಿಟನಿ ಪ್ರಾಂತ್ಯದ್ದು.

ಅಂಕಿ-ಅಂಶ ಹೊಂದಿಸುವವರು ಎಡವುವುದು ಸಂಖ್ಯೆಗಳಲ್ಲಿ. ಬ್ರೆಸ್ಟ್‌ನ ಪಿನ್‌ಕೋಡ್ 29200, ಅಂಕಿಅಂಶ ಇಲಾಖೆಯ ಊರಿನ ಸಂಕೇತ 29019. ಎರಡೂ ಐದಂಕಿ, ಎರಡೂ 29ರಿಂದಲೇ ಶುರು, ಹಾಗಾಗಿ ಅದಲುಬದಲಾದರೂ ಕಣ್ಣಿಗೆ ಬೀಳದು. ಹಲವು ಹಳ್ಳಿಗಳಿಗೆ ಒಂದೇ ಪಿನ್ ಇರುವುದುಂಟು. ಹಾಗಾಗಿ ಅಂಕಿಅಂಶಗಳನ್ನು ಊರಿನ ಸಂಕೇತದಿಂದಲೇ ಜೋಡಿಸಿ.

ಇನ್ನು ಫ್ರಾನ್ಸ್ ಮುಖ್ಯಭೂಮಿಯ ಪಶ್ಚಿಮದ ತುದಿ ಎಂದು ನಿಮ್ಮ ಲೇಖನದ ಫೋಟೋದಲ್ಲಿ ತೋರಿಸಿದ ರಾ ಭೂಶಿರ: ಸೊಗಸಾಗಿದೆ, ಒಪ್ಪಿದೆ. ಆದರೆ ಆ ತುದಿ ಅದಲ್ಲ, ಪ್ಲೂಆರ್ಝೆಲ್ ಊರಿನ ಬಳಿಯ ಕೋರ್ಸೆನ್ ಭೂಶಿರ. ದ್ವೀಪಗಳನ್ನೂ ಸೇರಿಸಿದರೆ ವೆಸ್ಸಾಂ ದ್ವೀಪ ಇನ್ನೂ ಪಶ್ಚಿಮಕ್ಕಿದೆ.