ದಾರಿ ಉದ್ದ, ಹೊತ್ತು ಕಮ್ಮಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದರೆ ಸುಮಾರು 14,000 ಕಿ.ಮೀ. ಎಂದು ಬರುತ್ತದೆ. ಲೆಕ್ಕ ಸರಿಯೇ. ಭೂಗೋಳದ ಮೇಲೆ ಎರಡೂ ಊರಿಗೆ ದಾರ ಬಿಗಿದು ಅಳೆದರೆ ಅಷ್ಟೇ. ಆದರೆ ಆ ದಾರ ಗೋಡೆ ನಕ್ಷೆಯಲ್ಲಿ ತೋರುವಂತೆ ಪಶ್ಚಿಮಕ್ಕೆ ಹೋಗದೆ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರಕ್ಕೆ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ.

ಈ ದಾರದ ಮೇಲೆ ವಿಮಾನ ಓಡಿಸುವುದು ಬೇರೆ ಮಾತು. ಟಿಬೆಟ್ಟನ್ನೇ ನೋಡಿ. ಕ್ಯಾಬಿನ್ನಿನ ಒತ್ತಡ ಹೋದರೆ ತಲೆಯ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು. ಅಷ್ಟರೊಳಗೆ ಪೈಲಟ್ ಮಾಸ್ಕ್ ಇಲ್ಲದೆ ಉಸಿರಾಡಬಹುದಾದ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ! ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಸುತ್ತಿಕೊಂಡು ಹೋಗುತ್ತವೆ. ಇದರ ಮೇಲೆ ಯಾವ ದೇಶ ಆಕಾಶದ ಬಾಗಿಲು ಹಾಕಿದೆ ಎಂಬ ತಾಪತ್ರಯ ಬೇರೆ.

ಹೊತ್ತನ್ನು ನಿಜವಾಗಿ ತೀರ್ಮಾನಿಸುವುದು ಗಾಳಿ. ಒಂಬತ್ತು–ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. 900 ಕಿ.ಮೀ. ವೇಗದ ವಿಮಾನಕ್ಕೆ 150ರ ಗಾಳಿ ಬೆನ್ನಿಗಿದ್ದರೆ 6,000 ಕಿ.ಮೀ. ದಾಟಲು ಆರು ಗಂಟೆಯೂ ಬೇಡ; ಎದುರಿಗಿದ್ದರೆ ಎಂಟು ಗಂಟೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಆಯಿತು, ಹಾರಾಟ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಬರುವಾಗ ಅದೇ ದಾರಿ ಹಿಡಿದರೆ ಆ ಗಾಳಿಗೇ ಎದೆಯೊಡ್ಡಬೇಕು. ಆದ್ದರಿಂದ ವಾಪಸಾತಿ ಅಟ್ಲಾಂಟಿಕ್ ಮೇಲೆಯೇ. ಹೋಗಿ ಬಂದರೆ ಭೂಪ್ರದಕ್ಷಿಣೆಯ ಪುಣ್ಯ ಪುಕ್ಕಟೆ.

ಇನ್ನು ಟಿಕೆಟ್ ಮೇಲಿನ ಹೊತ್ತು. ಅದು ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು. ರನ್‌ವೇಗೆ ತೆವಳುವುದೂ ಸೇರಿತು. ಎರಡು ಕಡೆಯ ಗಡಿಯಾರವೂ ಸ್ಥಳೀಯ. ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು ಹದಿನಾರು ಗಂಟೆ ಹಾರಿದರೆ ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ. ಹಗಲು ಒಂದು ಚೂರೂ ಖರ್ಚಾಗಿಲ್ಲವೆಂಬ ಭ್ರಮೆ, ಕಾಲು ಮಾತ್ರ ಊದಿರುತ್ತದೆ.

ಬರುವಾಗ ಬಡ್ಡಿ ಸಮೇತ ವಸೂಲಿ. 2021ರ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾರಿ ಬಂದ ಮೊದಲ ನೇರ ವಿಮಾನಕ್ಕೆ ಬೆಂಗಳೂರು ತಲುಪಲು ಗೊತ್ತುಮಾಡಿದ್ದು ಸೋಮವಾರ ಬೆಳಗಿನ ಜಾವ 3:45. ಕರೆತರಲು ಹೋಗುವವರು ಟಿಕೆಟ್ ನೋಡಿ "ಸೋಮವಾರ ತಾನೇ" ಎಂದು ಮಲಗಿಬಿಡುತ್ತಾರೆ. ಜಯನಗರದಿಂದ ಕಾರು ಹೊರಡಬೇಕಾದದ್ದು ಭಾನುವಾರ ರಾತ್ರಿ ಮಲಗುವ ಹೊತ್ತಿನ ನಂತರ, ಎರಡು ಗಂಟೆಯ ಸುಮಾರಿಗೆ.