ಸ್ಪಷ್ಟನೆ: ಬೆಳಗಿನ ಜಾವದ ಪ್ರಾರ್ಥನೆ ಮಾತ್ರ ದೇವರಿಗೆ ಮುಟ್ಟುತ್ತದೆಯೇ?

ಕೋಲಾರದ ಕಡೆಯ ಕ್ರೈಸ್ತ ಸಭೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಬೆಳಗಿನ ಜಾವ 3 ಗಂಟೆಗೆ ಎದ್ದು ಪ್ರಾರ್ಥಿಸದವರಿಗೆ ದೇವರ ಜೊತೆ ಸಂಬಂಧವೇ ಇಲ್ಲ, ಬೈಬಲ್ಲೇ ಹೀಗೆ ಹೇಳುತ್ತದೆ’ ಅಂತ. ಇದು ತಪ್ಪು. ಬೈಬಲ್‌ನಲ್ಲಿ ಎಲ್ಲೂ ಹಾಗಿಲ್ಲ.

ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಹೋಗಿ ಒಬ್ಬರೇ ಪ್ರಾರ್ಥಿಸಿದರು, ನಿಜ (ಮಾರ್ಕ 1:35). ಆದರೆ ಆ ಹೊತ್ತನ್ನು ಯಾರ ಮೇಲೂ ಕಟ್ಟಳೆಯಾಗಿ ಹೇರಲಿಲ್ಲ. ಪ್ರವಾದಿ ದಾನಿಯೇಲ ದಿನಕ್ಕೆ 3 ಸಲ ಮೊಣಕಾಲೂರುತ್ತಿದ್ದ. ಯೇಸುವಿನ ಶಿಷ್ಯ ಪೇತ್ರ ಮಧ್ಯಾಹ್ನ ಮಾಳಿಗೆ ಹತ್ತಿ ಪ್ರಾರ್ಥಿಸಿದ. ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು. ಮತ್ತಾಯ 6:6ರಲ್ಲಿ ಯೇಸು ಹೇಳುವುದು, ಕೋಣೆಯ ಬಾಗಿಲು ಮುಚ್ಚಿಕೊಂಡು ತಂದೆಗೆ ಪ್ರಾರ್ಥಿಸಿ ಅಂತ. ಗಂಟೆ ಹೇಳಿಲ್ಲ.

ನಮ್ಮ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರು ಕತ್ತಲಲ್ಲೇ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕುತ್ತಾರೆ. ಆಮೇಲೆ ರೇಷ್ಮೆ ಹುಳಕ್ಕೆ ಸೊಪ್ಪು. ತಟ್ಟೆಯ ಮೇಲೆ ಸೊಪ್ಪು ಹರಡುತ್ತಲೇ ‘ಅಪ್ಪಾ, ಮಗಳ ಜ್ವರ ಇಳಿಸು’ ಅಂತ ಮೆಲ್ಲಗೆ ಕೇಳಿಕೊಳ್ಳುತ್ತಾರೆ. ಅದೂ ಪ್ರಾರ್ಥನೆ ಅಲ್ವಾ? ಅಂಥವರಿಗೆ ಸುಮ್ನೆ ಅಪರಾಧಿ ಭಾವ ಹುಟ್ಟಿಸುತ್ತಿರುವುದು ನನಗೆ ಜಾಸ್ತಿ ನೋವು ಕೊಟ್ಟಿದೆ.

ಜಾವಕ್ಕೆ ಏಳುವ ಅಭ್ಯಾಸ ಇರುವವರು ಖಂಡಿತ ಮುಂದುವರಿಸಿ. ಆ ಸಂದೇಶವನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.